ಮಂಜಿನೊಳಗೆ ಸೀತಾಬಾಯಿಯ ಕಾರು

ಜುಲೈ ೨೧, ಸೋಮವಾರ

ನಿವೃತ್ತನಾಗಿ ಎರಡು ತಿಂಗಳೂ ತುಂಬಿಲ್ಲ, ಮನೆಯಲ್ಲಿ ನನ್ನ ಮಾತಿಗೆ ಕಿಮ್ಮತ್ತಿಲ್ಲ ಎಂಬುದು ಖಾತ್ರಿಯಾಯಿತು. ಸಂಶಿಯ ಹೈಸ್ಕೂಲಿನಲ್ಲಿ ಆಯುಷ್ಯವಿಡೀ ಭೂಗೋಳ ಕಲಿಸಿದವನು ನಾನು. ತರಗತಿಯಲ್ಲಿ ಒಮ್ಮೆ ಕೆಮ್ಮಿದರೆ ಕೊನೆಯ ಬೆಂಚಿನವನೂ ನೆಟ್ಟಗಾಗುತ್ತಿದ್ದ. ಇಲ್ಲಿ ಕೆಮ್ಮಿದರೆ ಕಷಾಯ ಬರುತ್ತದೆ. ಹೇಳಿಕೊಳ್ಳಲು ಬೇರೆ ಯಾರೂ ಇಲ್ಲದ್ದಕ್ಕೆ ಈ ಡೈರಿ ಶುರು ಮಾಡಿದ್ದೇನೆ.

ಇವತ್ತಿನ ಮೊದಲ ದೂರು ಮಗ ಸಾತ್ವಿಕನ ಮೇಲೆ. ಬಸ್ ಸ್ಟ್ಯಾಂಡಿನ ಬಾಜು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅಂಗಡಿಯ ಕಸ ಅಂಗಡಿಯಲ್ಲಿರಬೇಕಲ್ಲ? ಇವತ್ತು ಒಂದು ಧೂಳು ಹಿಡಿದ ಪೆಟ್ಟಿಗೆ ತಂದು ನನ್ನ ಟಿವಿಯ ಮುಂದೆ ಇಟ್ಟ. ಗಾದಿ ಅಂಗಡಿ ಅಲ್ಲಾಭಕ್ಷನದಂತೆ. ಅವನ ಕಾಕಾ ಎಷ್ಟೋ ವರ್ಷಗಳ ಹಿಂದೆ ಕುವೈತಿನಿಂದ ತಂದ ಟಿವಿ ಗೇಮ್. ಅಟ್ಟದ ಮೇಲೆ ಸತ್ತು ಬಿದ್ದಿತ್ತು, ಜೀವ ಬರಿಸಿಕೊಡು ಎಂದು ಕೊಟ್ಟಿದ್ದಾನೆ.

"ಇದಕ್ಕ ಡಬ್ಬಾ ಟಿವಿನ ಬೇಕಪ್ಪಾ. ಊರಾಗ ಉಳದದ್ದು ನಮ್ಮದೊಂದ" ಎಂದ. ಹೊಗಳಿದನೋ ತೆಗಳಿದನೋ ತಿಳಿಯಲಿಲ್ಲ.

ಎರಡನೆಯ ದೂರು ಇವಳ ಮೇಲೆ, ಅಂದರೆ ಮನೆಯವಳ ಮೇಲೆ. ಪೂಜೆಗೆಂದು ನಾನು ಬಾಜು ಇಟ್ಟುಕೊಂಡಿದ್ದ ನೀರಿನ ತಂಬಿಗೆಯನ್ನು ಮತ್ತೆ ಒದ್ದು ಉರುಳಿಸಿದಳು. ಮೊನ್ನೆಯೂ ಹಾಗೇ ಆಗಿತ್ತು. "ನಡಕೋತ ಲಕ್ಷ್ಯ ಎಲ್ಲಿಟ್ಟಿರ್ತೀ?" ಎಂದು ಬೈದೆ. ಅರಿವೆ ತಂದು ಒರೆಸಿದಳು. ಕಣ್ಣು ಮಂದವಾಗಿದೆ ಎನ್ನೋಣವೆಂದರೆ, ಮಧ್ಯಾಹ್ನ ನಾನು ಎಂಜಲು ಹಚ್ಚಿ ಹಚ್ಚಿ ಸೋತ ಸೂಜಿಗೆ ಒಂದೇ ಏಟಿಗೆ ದಾರ ಏರಿಸಿ ಕೊಟ್ಟಳು. ಕಣ್ಣು ಅಗದಿ ಚೊಕ್ಕ ಇದೆ. ಲಕ್ಷ್ಯ ಮಾತ್ರ ಇಲ್ಲ.

ಜುಲೈ ೨೩, ಬುಧವಾರ

ಪೆಟ್ಟಿಗೆಗೆ ಜೀವ ಬಂತು. ಒಪ್ಪಿಕೊಳ್ಳಲು ಮನಸ್ಸಿಲ್ಲ, ಆದರೆ ನೋಡುತ್ತ ಕೂತವನು ಸಂಧ್ಯಾವಂದನೆಯನ್ನೇ ಮರೆತೆ.

ಕರಿಯ ಪೆಟ್ಟಿಗೆ, ಮುಂದೆ ಕಟ್ಟಿಗೆ ಬಣ್ಣದ ಪಟ್ಟಿ. ಒಂದು ಕರಿ ಹಿಡಿಕೆ, ಅದರ ಮೂಲೆಯಲ್ಲಿ ಕೆಂಪು ಗುಂಡಿ. ಪೆಟ್ಟಿಗೆಗೆ ಸಿಕ್ಕಿಸುವ ಕ್ಯಾಸೆಟ್ಟಿನ ಮೇಲಿನ ಚೀಟಿ ಸವೆದು ಆಟದ ಹೆಸರೇ ಅಳಿಸಿಹೋಗಿದೆ. ಆಟ ಇಷ್ಟೇ: ಒಂದು ರಸ್ತೆ, ದೂರದಲ್ಲಿ ಗುಡ್ಡ, ಕೆಳಗೆ ನಮ್ಮ ಕಾರು. ಗುಂಡಿ ಒತ್ತಿದರೆ ಓಡುತ್ತದೆ. ಹೊತ್ತು ಮುಗಿಯುವುದರೊಳಗೆ ಹೇಳಿದಷ್ಟು ಕಾರುಗಳನ್ನು ಹಿಂದೆ ಹಾಕಬೇಕು. ಹಾಕಿದರೆ ಪತಾಕೆ ಹಾರುತ್ತದೆ, ಮರುದಿನ ಸಿಗುತ್ತದೆ. ಇಲ್ಲವಾದರೆ ಅಲ್ಲಿಗೇ ಮುಗಿಯಿತು.

ಆದರೆ ಆ ಒಂದು ದಿನದೊಳಗೆ ಏನೇನಿಟ್ಟಿದ್ದಾನೆ ಪುಣ್ಯಾತ್ಮ! ಮೊದಲು ಹಸಿರು ಹೊಲ. ಓಡುತ್ತ ಓಡುತ್ತ ನೆಲ ಬೆಳ್ಳಗಾಗಿ ಹಿಮ ಬೀಳುತ್ತದೆ, ಗಾಲಿ ಜಾರುತ್ತವೆ. ಆಮೇಲೆ ಸಂಜೆಯಾಗಿ ಗುಡ್ಡದ ಹಿಂದೆ ಆಕಾಶ ಬದನೆಕಾಯಿ ಬಣ್ಣಕ್ಕೆ ತಿರುಗುತ್ತದೆ. ಕತ್ತಲಾದಾಗ ಮುಂದಿನ ಕಾರುಗಳೆಲ್ಲ ಮಾಯವಾಗಿ ಹಿಂದೀಪದ ಎರಡೆರಡು ಕೆಂಪು ಚುಕ್ಕಿಗಳಷ್ಟೇ ಉಳಿಯುತ್ತವೆ. ಅದಾದ ಮೇಲೆ ಮಂಜು. ರಸ್ತೆಯ ಮೇಲರ್ಧವನ್ನು ಯಾರೋ ಬೂದಿ ಬಣ್ಣದ ಸೆರಗಿನಿಂದ ಮುಚ್ಚಿದಂತಾಗಿ, ಕಾರುಗಳು ಮೂಗಿನ ಮುಂದೆ ಬಂದಾಗಲೇ ಕಾಣುತ್ತವೆ. ಅದನ್ನು ದಾಟಿದರೆ ಬೆಳಗು. ಗ್ಲೋಬು ತಿರುಗಿಸಿ ತಿರುಗಿಸಿ ಋತುಗಳನ್ನೂ ಹಗಲು ರಾತ್ರಿಗಳನ್ನೂ ವರ್ಷಗಟ್ಟಲೆ ಹೇಳಿದವನು ನಾನು. ಅಂಗೈಯಷ್ಟು ಕ್ಯಾಸೆಟ್ಟಿನಲ್ಲಿ ಅದನ್ನೆಲ್ಲ ಯಾರೋ ಒಬ್ಬ ತುಂಬಿಟ್ಟಿದ್ದಾನೆ. ಬಾಯಿ ತೆರೆದು ಕೂತೆ.

ನಾನೂ ಹಿಡಿದು ನೋಡಿದೆ, ಬರೀ ಪರೀಕ್ಷೆಗೆ. ಹಿಮದವರೆಗೆ ಹೇಗೋ ಹೋದೆ. ಮಂಜಿನಲ್ಲಿ ಒಂದೊಂದು ಕಾರಿಗೂ ಗುದ್ದಿ ಗುದ್ದಿ ನನ್ನ ದಿನ ಮುಗಿಯಿತು.

ಇವಳು ಅಡಿಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. "ನಾ ಒಂದ್ಸಲ ಹಿಡೀಲೇನ್ರಿ?" ಎಂದಳು. ನನಗೆ ನಗು ಬಂತು. ಸೈಕಲ್ಲಿನ ಹ್ಯಾಂಡಲ್ಲನ್ನೂ ಹಿಡಿದವಳಲ್ಲ. ಮದುವೆಯಾದಾಗಿನಿಂದ ನನ್ನ ಗಾಡಿಯ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತು ಗೊತ್ತು, ಅಷ್ಟೇ.

ಜುಲೈ ೨೬, ಶನಿವಾರ

ಆ ನಗುವನ್ನು ವಾಪಸು ತಗೊಂಡಿದ್ದೇನೆ. ಬಾಯಿಬಿಟ್ಟು ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಬುಧವಾರ ಇವಳೂ ಎಲ್ಲರಂತೆ ಗುದ್ದಿದಳು. ಮರುದಿನ, "ಇಷ್ಟ ಸಮೀಪ ಕೂತ್ರ ಸರಿ ಕಾಣಸೂದಿಲ್ಲ" ಎಂದು ಹಿಂದೆ ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿದಳು. ಹಿಡಿಕೆಯ ವಾಯರು ಸಾಲದೆ ಸಾತ್ವಿಕ ಪೆಟ್ಟಿಗೆಯನ್ನೇ ಮುಂದೆ ಎಳೆಯಬೇಕಾಯಿತು. ವಯಸ್ಸಾದವರು ಹತ್ತಿರ ಹೋಗುತ್ತಾರೆ, ಇವಳದು ಉಲ್ಟಾ. ಆದರೆ ಅಷ್ಟು ದೂರ ಕೂತ ಮೇಲೆ ಅವಳ ಕಾರನ್ನು ಯಾರೂ ಮುಟ್ಟಲಿಲ್ಲ. ಹಿಮ ದಾಟಿತು, ಕತ್ತಲು ದಾಟಿತು. ಇವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹಾಲು ಉಕ್ಕುವುದನ್ನು ಕಾಯುವಾಗ ಹೇಗೆ ನೋಡುತ್ತಾಳೋ ಹಾಗೆ ನೋಡುತ್ತಿದ್ದಳು.

ಪತಾಕೆ ಹಾರಿದಾಗ ಸಾತ್ವಿಕ ಸಿಳ್ಳೆ ಹೊಡೆದ. ನಾನು ಪೇಪರ್ ಓದುವವನಂತೆ ಕೂತಿದ್ದೆ. ಪೇಪರ್ ತಲೆಕೆಳಗಾಗಿತ್ತು ಎಂದು ಆಮೇಲೆ ಅವನೇ ಹೇಳಿದ.

ಜುಲೈ ೨೯, ಮಂಗಳವಾರ

ನಾಗರ ಪಂಚಮಿ. ಶೇಂಗಾ ಉಂಡಿ, ಎಳ್ಳುಂಡಿ. ಆಟಕ್ಕೆ ರಜೆ. ಉಂಡಿಯ ಡಬ್ಬಿ ಒಳಗೆ ಒಯ್ಯುವಾಗ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡಳು. ಹಬ್ಬದ ದಿನವೆಂದು ಬೈಯಲಿಲ್ಲ.

ಆಗಸ್ಟ್ ೨, ಶನಿವಾರ

ಮಾನ ಹೋಯಿತು.

ನಿನ್ನೆ ಶ್ರಾವಣ ಶುಕ್ರವಾರ, ನಮ್ಮಲ್ಲಿ ಅರಿಷಿಣ ಕುಂಕುಮ. ಓಣಿಯ ಹೆಂಗಸರೆಲ್ಲ ಬಂದಿದ್ದರು. ನಾನು ಕಟ್ಟೆಯ ಮೇಲಿದ್ದೆ. ಇವಳು ತಟ್ಟೆ ಹಿಡಿದು ಒಬ್ಬೊಬ್ಬರಿಗೇ ಕುಂಕುಮ ಹಚ್ಚಿ, ಉಡಿ ತುಂಬಿ, ತಟ್ಟೆ ಒಳಗಿಟ್ಟಳು. ಸ್ವಲ್ಪ ಹೊತ್ತಿಗೆ ಬಾಜು ಮನೆಯ ಸುಶೀಲವ್ವ ಯಾರೊಂದಿಗೂ ಮಾತಾಡದೆ ಎದ್ದು ಹೋದದ್ದು ಕಂಡಿತು. ತಲೆನೋವಿರಬೇಕು ಎಂದುಕೊಂಡೆ.

ಇವತ್ತು ಹಿಟ್ಟಿನ ಗಿರಣಿಯಲ್ಲಿ ಆಕೆಯೇ ಸಿಕ್ಕಳು. "ನಿಮ್ಮ ಮನಿಯವ್ರಿಗೆ ನಾವೇನ್ ಮಾಡೀವ್ರಿ ಮಾಸ್ತರ?" ಎಂದು ನಾಲ್ಕು ಮಂದಿಯ ಮುಂದೆ ಕೇಳಿದಳು. "ಅವ್ರ ಬಾಜುನ ಕುಂತಿದ್ದೆ. ಎಲ್ಲಾರಿಗೂ ಕುಂಕುಮ ಹಚ್ಚಿದ್ರು, ನನ್ನಷ್ಟ ಬಿಟ್ಟ್ರು. ಬ್ಯಾಡಾದಾಕಿನ್ನ ಕರೀಬಾರದಿತ್ತು."

ಕುಂಕುಮ ತಪ್ಪಿಸುವುದೆಂದರೆ ಸಣ್ಣ ಮಾತೇ? ಮುತ್ತೈದೆಯನ್ನು ಮನೆಗೆ ಕರೆದು ನಾಲ್ಕು ಮಂದಿಯಲ್ಲಿ ಅವಮಾನ ಮಾಡಿದ ಹಾಗೆ. ಅದೂ ಸುಶೀಲವ್ವನಿಗೆ! ಅವರ ಮನೆಯ ಮಜ್ಜಿಗೆ ಇಲ್ಲದೆ ನಮ್ಮ ಊಟ ಮುಗಿದದ್ದಿಲ್ಲ.

ಮನೆಗೆ ಬಂದು ಕೇಳಿದೆ. ಇವಳು ನನ್ನನ್ನೇ ಹುಚ್ಚನನ್ನು ನೋಡಿದಂತೆ ನೋಡಿದಳು. "ಸುಶೀಲವ್ವ ಬಂದ ಇದ್ದಿಲ್ರಿ. ನಾನ ದಾರಿ ನೋಡಿ ನೋಡಿ ಸಾಕಾಗಿ ತಾಟ ಒಳಗಿಟ್ಟೆ."

"ಊರ ಮಂದಿ ನೋಡ್ಯಾರ, ನೀ ನೋಡಿಲ್ಲೇನು? ನಿನ್ನ ಬಾಜುನ ಕೂತಿದ್ದರು."

"ನೋಡಿಲ್ಲ ಅಂದ್ರ ನೋಡಿಲ್ರಿ."

ಸುಳ್ಳು ಹೇಳುವವಳಲ್ಲ. ಆದರೂ ಇದಕ್ಕೆ ಬೇರೆ ಅರ್ಥ ಏನು ಮಾಡಲಿ? ನಾನು ಬಾಯಿಗೆ ಬಂದದ್ದು ಅಂದೆ. ಸೆರಗಿನಿಂದ ಕಣ್ಣು ಒತ್ತಿಕೊಂಡು ಒಳಗೆ ಹೋದಳು. ಇಬ್ಬರೂ ಉಣ್ಣಲಿಲ್ಲ.

ಆಗಸ್ಟ್ ೪, ಸೋಮವಾರ

ಪೆಟ್ಟಿಗೆಯ ಒಡೆಯ ಅಲ್ಲಾಭಕ್ಷ ಸಂಜೆ ನೋಡಲು ಬಂದಿದ್ದ. ನೆಲದ ಮೇಲೆ ಕಾಲು ಮಡಚಿ ಕೂತು ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದ. ಗಾದಿ ಹೊಲಿದು ಹೊಲಿದು ಒರಟಾದ ಬೆರಳಿನಿಂದ ಕೆಂಪು ಗುಂಡಿಯನ್ನು ಸವರಿದ. "ಸಣ್ಣಾವಿದ್ದಾಗ ಇದರ ಸಲುವಾಗಿ ನಮ್ಮ ಅಬ್ಬಾನ ಕೈಲೆ ಎಷ್ಟ್ ಏಟ ತಿಂದೇನ್ರಿ ಸರ್" ಎಂದ. ಆಡಿದ. ಮಂಜಿನಲ್ಲಿ ಸತ್ತ.

"ಅಣ್ಣತಮ್ಮಂದ್ರು ಎಲ್ಲಾರೂ ಇಲ್ಲೇ ಸಾಯತಿದ್ವಿ. ಈ ಮಂಜ ದಾಟಿ ಮೂರನೇ ದಿನಾ ನೋಡಿದಾಂವ ನಮ್ಮ ಮನ್ಯಾಗ ಯಾಂವನೂ ಇಲ್ಲ."

ನಾನು ಇವಳನ್ನು ಕರೆದೆ. ಮೊನ್ನೆಯಿಂದ ಮುಖ ಊದಿಸಿಕೊಂಡೇ ಇದ್ದಳು, ಆದರೂ ಬಂದು ಗೋಡೆಗೆ ಬೆನ್ನು ಹಚ್ಚಿ ಕೂತಳು. ಆಮೇಲೆ ನಡೆದದ್ದನ್ನು ಹೇಗೆ ಬರೆಯಬೇಕೋ ತಿಳಿಯದು.

ಹಸಿರಿನಲ್ಲಿ ಅಲ್ಲಾಭಕ್ಷನಷ್ಟೇ ಆಡಿದಳು, ಹಿಮದಲ್ಲೂ ಅಷ್ಟೇ. ಮಂಜು ಬಂತು, ಇವಳ ಕಾರಿನ ವೇಗ ಹೆಚ್ಚಿತು. ಎಲ್ಲರೂ ಹೆದರಿ ಗುಂಡಿ ಬಿಡುವ ಜಾಗದಲ್ಲಿ ಇವಳು ಬಿಡಲೇ ಇಲ್ಲ. ಬೂದಿ ಬಣ್ಣದೊಳಗಿಂದ ಕಾರು ಹುಟ್ಟುತ್ತಿತ್ತು, ಹುಟ್ಟುವುದರೊಳಗೆ ಇವಳು ಅದರ ಬಾಜು ಹಾದು ಹೋಗಿರುತ್ತಿದ್ದಳು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ನೀರು ಹರಿದ ಹಾಗೆ. ಮೂರನೆಯ ದಿನ ಬಂತು, ಅದೂ ಮುಗಿಯಿತು. 

ಅಲ್ಲಾಭಕ್ಷ ಎದ್ದು ನಿಂತು ಕೈ ಮುಗಿದ. "ಮಂಜಿನ್ಯಾಗ ನಿಮಗ ಹ್ಯಾಂಗ ಕಾಣಸ್ತೈತ್ರಿ ಸೀತಾಬಾಯಿಯವ್ರ?"

"ಕಾಣಸೂದೇನ ಬಂತು? ಮುಂದ ಬಂದಾಗಷ್ಟ ನೋಡೂದು. ಅವಚಿತ್ತ ಬಂದ್ರ ಅವಚಿತ್ತ ಹೊಳ್ಳೂದು. ಮನ್ಯಾಗ ದಿನಾ ಮಾಡೂದು ಅದನ್ನ ಅಲ್ಲೇನ್ರಿ?"

ಸಂಸಾರದ ಬಗ್ಗೆ ಎಂಥ ಮಾತು! ಉಪನ್ಯಾಸ ಕೊಡುವವರೂ ಇಷ್ಟು ಸರಳವಾಗಿ ಹೇಳಲಾರರು. ಈ ಹೆಂಗಸು ಇಷ್ಟು ವರ್ಷ ನನಗೆ ಅನ್ನ ಬಡಿಸುತ್ತ ಒಳಗೇ ಏನೆಲ್ಲ ಇಟ್ಟುಕೊಂಡಿದ್ದಾಳೆ! ಪೆಟ್ಟಿಗೆ ಇನ್ನಷ್ಟು ದಿನ ಇಲ್ಲೇ ಇರಲಿ ಎಂದು ಹೇಳಿ ಅಲ್ಲಾಭಕ್ಷ ಹೋದ.

ಆಗಸ್ಟ್ ೬, ಬುಧವಾರ

ಸೀತಾಬಾಯಿ ಆಡುವಾಗ ನಾನೇ ಚಹಾ ಮಾಡಿ ಒಯ್ದೆ. (ಸಕ್ಕರೆ ಜಾಸ್ತಿಯಾಗಿತ್ತು.) ಬಾಜು ನಿಂತು ಕಪ್ಪು ಚಾಚಿದೆ. ತಿರುಗಲಿಲ್ಲ. ಇನ್ನೂ ಚಾಚಿದೆ, ಭುಜದ ಹತ್ತಿರ ಒಯ್ದೆ. ರೆಪ್ಪೆಯೂ ಅಲುಗಲಿಲ್ಲ. ಎಂಥ ಏಕಾಗ್ರತೆ! ತಪಸ್ಸಿಗೆ ಕೂತವರ ಬಗ್ಗೆ ಪುರಾಣದಲ್ಲಿ ಕೇಳಿದ್ದನ್ನು ನಡುಮನೆಯಲ್ಲಿ ಕಂಡೆ. ಮಾತಾಡಿಸಿ ಕೆಡಿಸಬಾರದೆಂದು ಚಹಾ ನಾನೇ ಕುಡಿದೆ.

ಆಗಸ್ಟ್ ೧೦, ರವಿವಾರ

ಬೆಳಿಗ್ಗೆ ಸುಶೀಲವ್ವ ಬಂದಳು. ಎಂದಿನಂತೆ ಮಜ್ಜಿಗೆಯ ಗಿಂಡಿ ತಂದಿರಲಿಲ್ಲ, ಜಗಳ ತೀರಿಸಿಕೊಳ್ಳಲು ಬಂದಿದ್ದಳು. "ಒಂದ ಮಾತ ಕೇಳಿ ಹೊಕ್ಕೇನ್ರಿ ಮಾಸ್ತರ" ಎಂದು ಮೆಲ್ಲಗೆ ಹೇಳಿ ನೆಟ್ಟಗೆ ಒಳಗೆ ನಡೆದಳು.

ಸೀತಾಬಾಯಿ ಟಿವಿಯ ಎದುರು ಕೂತಿದ್ದಳು. ಆಟ ಮುಗಿದು ಪರದೆ ನಿಂತಿತ್ತು, ಅವಳು ಹಿಡಿಕೆಯ ವಾಯರು ಸುತ್ತುತ್ತಿದ್ದಳು. ಸುಶೀಲವ್ವ ಹೋಗಿ ಅವಳ ಎಡಗಡೆ, ಒಂದು ಮೊಳ ದೂರದಲ್ಲಿ ನಿಂತಳು. ಸೊಂಟಕ್ಕೆ ಕೈ ಇಟ್ಟು ಕಾದಳು. ಸೀತಾಬಾಯಿ ವಾಯರು ಸುತ್ತುತ್ತಲೇ ಇದ್ದಳು. ಆಟದಲ್ಲಿ ಮುಳುಗಿದ್ದಳು ಎನ್ನಲು ಆಟವೇ ಇರಲಿಲ್ಲ.

"ನೋಡ್ರಿ ಮಾಸ್ತರ" ಎಂದು ಸುಶೀಲವ್ವ ಬಾಗಿಲ ಕಡೆಗೆ, ಅಂದರೆ ನನ್ನ ಕಡೆಗೆ ತುಟಿಯಲ್ಲೇ ಹೇಳಿದಳು. ಕಣ್ಣಲ್ಲಿ ನೀರು ಬಂದಿತ್ತು. ಸಿಟ್ಟಿನಿಂದ ಎರಡು ಹೆಜ್ಜೆ ಮುಂದೆ ಹೋಗಿ ಟಿವಿಗೆ ಅಡ್ಡ ನಿಂತಳು.

ಸೀತಾಬಾಯಿಯ ಮುಖ ಒಮ್ಮೆಲೇ ಅರಳಿತು. "ಅಯ್ಯ, ಸುಶೀಲವ್ವಾರ! ಯಾವಾಗ ಬಂದ್ರಿ? ಬರ್ರಿ, ಕೂಡ್ರಿ. ನನ್ನ ಮ್ಯಾಲೆ ಸಿಟ್ಟಾಗೀರಂತ, ನನಗ ಎರಡ ದಿನಾ ಅನ್ನ ಇಳೀಲಿಲ್ಲ ನೋಡ್ರಿ."

ಸುಶೀಲವ್ವನ ಕೈ ಸೊಂಟದಿಂದ ಇಳಿಯಿತು. ಆ ಮುಖದಲ್ಲಿ ನಾಟಕವಿಲ್ಲ ಎಂಬುದು ಯಾರಿಗಾದರೂ ತಿಳಿಯುತ್ತಿತ್ತು. ಆಕೆ ಸೀತಾಬಾಯಿಯನ್ನು ನೋಡುತ್ತ ಮೆಲ್ಲಗೆ ಒಂದು ಹೆಜ್ಜೆ ಎಡಕ್ಕೆ ಸರಿದಳು, ಇನ್ನೊಂದು ಹೆಜ್ಜೆ ಇಟ್ಟಳು. ಸೀತಾಬಾಯಿಯ ಕಣ್ಣು ತಡಬಡಿಸಿತು. "ಎಲ್ಲಿ ಹೋದ್ರಿ?" ಎಂದು ಇಡೀ ತಲೆ ತಿರುಗಿಸಿ ಹುಡುಕಿದಳು.

"ಇಲ್ಲೇ ಅದೀನ್ರಿ ಅಕ್ಕಾ" ಎಂದಳು ಸುಶೀಲವ್ವ. ಕೆಳಗೆ ಕೂತು ಅವಳ ಕೈ ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ನೋಡಿ, "ಮಾಸ್ತರ, ಇವ್ರಿಗೆ ಬಾಜು ಕಾಣಂಗಿಲ್ರಿ" ಎಂದಳು.

ನಾನು ಬಾಗಿಲಲ್ಲೇ ನಿಂತಿದ್ದೆ. 

ಆಗಸ್ಟ್ ೧೧, ಸೋಮವಾರ

ಇಡೀ ದಿನ ಅವಳನ್ನು ನೋಡಿದೆ. ಕೋಣೆಯೊಳಗೆ ಬಂದ ಕೂಡಲೇ ತಲೆಯನ್ನು ಈ ಗೋಡೆಯಿಂದ ಆ ಗೋಡೆಗೆ ತಿರುಗಿಸುತ್ತಾಳೆ. ಬಾಗಿಲು ದಾಟುವಾಗ ಕೈಬೆರಳು ಚೌಕಟ್ಟನ್ನು ಸವರುತ್ತದೆ. ಒಲೆಯ ಮೇಲಿನ ಹಲಗೆಯ ಡಬ್ಬಿಗಳು ಒಂದು ಗೆಣ್ಣಿನಷ್ಟೂ ಸ್ಥಳ ಬಿಡುವುದಿಲ್ಲ. ನಾನು ಯಾವಾಗಾದರೂ ಸರಿಸಿದರೆ ಮಾತ್ರ ಕೈ ತಡವರಿಸುತ್ತದೆ. ಇದನ್ನೆಲ್ಲ ನಾನು ದಿನವೂ ನೋಡಿದ್ದೇನೆ, ನೋಡಿ ಬೈದಿದ್ದೇನೆ. ಇಷ್ಟು ಸಣ್ಣ ಕಿಂಡಿಯೊಳಗಿಂದ ಈ ಹೆಂಗಸು ನಾಲ್ಕು ಎಳೆಯ ರಂಗೋಲಿ ಹಾಕಿದ್ದಾಳೆ, ಹಬ್ಬದ ಅಡಿಗೆ ಮಾಡಿದ್ದಾಳೆ, ಓಣಿ ದಾಟಿ ಸಂತೆಗೆ ಹೋಗಿ ಬಂದಿದ್ದಾಳೆ. ನನಗೆ ಹೆದರಿಕೆಯೂ ಆಗುತ್ತಿದೆ, ಅವಳನ್ನು ನೋಡಿದರೆ ಕೈಮುಗಿಯಬೇಕೆಂದೂ ಅನಿಸುತ್ತಿದೆ.

ನಾಳೆ ಹುಬ್ಬಳ್ಳಿಗೆ. ಇದ್ದಷ್ಟಾದರೂ ಉಳಿಯಲಿ ದೇವರೇ.

ಆಗಸ್ಟ್ ೧೨, ಮಂಗಳವಾರ

ಕಣ್ಣಿನ ಆಸ್ಪತ್ರೆಯಲ್ಲಿ ಒಂದು ಯಂತ್ರದ ಮುಂದೆ ಕೂಡಿಸಿದರು. ಬಿಳಿ ಬೋಗುಣಿಯಂಥದ್ದು, ಅದರೊಳಗೆ ಮುಖ ಇಟ್ಟು ನಡುವೆ ನೋಡುತ್ತಿರಬೇಕು. ಅಲ್ಲಲ್ಲಿ ಬೆಳಕಿನ ಚುಕ್ಕಿ ಮಿಂಚುತ್ತವೆ. ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಸೀತಾಗೆ ಗುಂಡಿ ಕೊಟ್ಟದ್ದೇ ತಡ, ಖುಷಿಯಾಯಿತು. ಬೆನ್ನು ನೆಟ್ಟಗೆ ಮಾಡಿ ಕೂತಳು. ನಾನು ಬಾಜು ನಿಂತು ನೋಡಿದೆ. ಚುಕ್ಕಿಗಳು ಬೋಗುಣಿಯ ಅಂಚಿನಲ್ಲಿ ಮಿಂಚುತ್ತಿದ್ದವು, ಅವಳ ಬೆರಳು ಸುಮ್ಮನಿತ್ತು. ಮತ್ತೆ ಮಿಂಚುತ್ತಿದ್ದವು, ಬೆರಳು ಸುಮ್ಮನೇ ಇತ್ತು. ಒತ್ತು, ಒತ್ತು ಎಂದು ಒಳಗೇ ಒದ್ದಾಡಿದೆ. ನಡುವೆ ಒಂದು ಚುಕ್ಕಿ ಬಂದಾಗ ಮಾತ್ರ ಟಕ್ಕನೆ ಒತ್ತಿದಳು.

ಹೊರಗೆ ಬಂದವಳು ಹೇಳಿದಳು, "ಭಾಳ ಸಲೀಸ ಇತ್ರಿ. ಚುಕ್ಕಿ ಭಾಳ ಸಾವಕಾಶ ಬರ್ತಿದ್ವು. ಆದ್ರ ಒಂದೂ ಬಿಟ್ಟಿಲ್ಲ ನಾ."

ಡಾಕ್ಟರರ ಪರದೆಯ ಮೇಲೆ ಕಣ್ಣಿಗೊಂದರಂತೆ ಎರಡು ಕರಿ ವೃತ್ತಗಳಿದ್ದವು. ಒಂದೊಂದರ ನಡುವೆ ಕುಂಕುಮದ ಬೊಟ್ಟಿನಷ್ಟು ಬಿಳುಪು. ಅವರು ಸಣ್ಣ ವಯಸ್ಸಿನವರು, ಸಮಾಧಾನದಿಂದ ಹೇಳಿದರು. ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಬಾಜಿನ ನೋಟ ವರ್ಷಗಳಿಂದ ಮೆಲ್ಲಮೆಲ್ಲಗೆ ಹೋಗಿದೆ. ನೋವಿರುವುದಿಲ್ಲ, ಅದಕ್ಕೇ ಗೊತ್ತಾಗುವುದಿಲ್ಲ.

"ಹೋದದ್ದು ಬರೂದಿಲ್ರಿ ಸರ್. ನಡುವಿಂದು ಉಳದದ, ಅದನ್ನ ಉಳಿಸ್ಕೋಬಹುದು. ಇನ್ನ ತಡಾ ಮಾಡಿದ್ರ ಅದೂ ಹೋಗ್ತಿತ್ತು. ಹನಿ ಮಾತ್ರ ಒಂದ ದಿನಾನೂ ತಪ್ಪಬಾರ್ದು."

ಸೀತಾ ಎಲ್ಲ ಕೇಳಿಸಿಕೊಂಡು, "ಮತ್ತ ಅದರಾಗ ನನಗ ಎಷ್ಟಕ್ಕ ಎಷ್ಟ ಬಂದಾವ್ರಿ?" ಎಂದು ಕೇಳಿದಳು. ಡಾಕ್ಟರರು ನನ್ನ ಮುಖ ನೋಡಿದರು. ಆಮೇಲೆ, "ಕಂಡದ್ದನ್ನ ಒಂದೂ ಬಿಟ್ಟಿಲ್ರಿ ಅಮ್ಮಾ" ಎಂದರು.

ವಾಪಸು ಬರುವ ಬಸ್ಸಿನಲ್ಲಿ ಅವಳಿಗೆ ಕಿಟಕಿ ಬಿಟ್ಟುಕೊಟ್ಟೆ. ನಾನು ಅತ್ತೆ. ಅವಳ ಬಾಜಿಗೇ ಕೂತು ಅತ್ತೆ, ಅವಳಿಗೆ ಕಾಣಲಿಲ್ಲ.

ಆಗಸ್ಟ್ ೧೩, ಬುಧವಾರ

ಬೆಳಿಗ್ಗೆ ಮೊದಲ ಹನಿ ನಾನೇ ಹಾಕಿದೆ. ಗುರಿ ತಪ್ಪಿ ಒಂದು ಹನಿ ಕೆನ್ನೆಯ ಮೇಲೆ ಬಿತ್ತು. "ಗಿಡಕ್ಕ ನೀರ ಹಾಕಿಧಂಗ ಹಾಕಬ್ಯಾಡ್ರಿ" ಎಂದು ನಕ್ಕಳು.

ಆಮೇಲೆ ಹಿತ್ತಲ ಕಟ್ಟೆಯ ಮೇಲೆ ಕೂತು ಮೆಂತ್ಯಸೊಪ್ಪು ಬಿಡಿಸುತ್ತ ಕೇಳಿದಳು, "ಡಾಕ್ಟರ ಬಾಜು ಹೋಗೇದ ಅಂದ್ರಲ್ಲ, ಯಾವ ಬಾಜು? ನನಗ ಎಲ್ಲಾ ಛಲೋ ಕಾಣಸ್ತದಲ್ರಿ."

ಹೇಗೆ ತಿಳಿಸಲಿ? ಎದ್ದು ಅವಳ ಎದುರು ನಿಂತೆ. "ನೆಟ್ಟಗ ನನ್ನ ಮಾರಿ ನೋಡು, ಕಣ್ಣ ಅಲ್ಲಾಡಸಬ್ಯಾಡ" ಎಂದು ನನ್ನ ಎರಡೂ ಕೈಗಳನ್ನು ನನ್ನ ಮುಖದ ಹತ್ತಿರ ಹಿಡಿದೆ. ಕಾಣುತ್ತದೆ ಎಂದಳು. ಸ್ವಲ್ಪ ದೂರ ಒಯ್ದೆ. "ಇಲ್ಲ, ಹೋದ್ವು" ಎಂದಳು. ಕೈ ಇನ್ನೂ ನನ್ನ ಭುಜವನ್ನೂ ದಾಟಿರಲಿಲ್ಲ.

"ನಿಮಗ ಎಲ್ಲೀತನಾ ಕಾಣಸ್ತಾವ?"

ನಾನು ಅವಳ ಮುಖವನ್ನೇ ನೋಡುತ್ತ ಕೈಗಳನ್ನು ಅಗಲಿಸುತ್ತ ಹೋದೆ. "ಇನ್ನೂ ಕಾಣಸ್ತಾವೇನ್ರಿ?" ಎಂದು ಕೇಳುತ್ತಲೇ ಇದ್ದಳು. ಕಾಣಸ್ತಾವ, ಕಾಣಸ್ತಾವ ಎನ್ನುತ್ತ ಎರಡೂ ಕೈ ಪೂರ್ತಿ ಚಾಚಿ ನಿಂತೆ.

"ಸುಳ್ಳ ಹೇಳಬ್ಯಾಡ್ರಿ." ಸೊಪ್ಪು ಕೆಳಗಿಟ್ಟು ಎದ್ದು ಬಂದಳು. ನನ್ನ ಬಲಗೈಯನ್ನು ಹುಡುಕಿ ಹಿಡಿದು, ಅದರ ಹತ್ತಿರ ತನ್ನ ಬೆರಳು ಎತ್ತಿದಳು. "ನನ್ನ ಕಡೆ ಹೊಳ್ಳಬ್ಯಾಡ್ರಿ. ಈಗ ಏನ ಮಾಡ್ಲಿಕತ್ತೀನಿ?"

"ಬೆರಳ ಅಲ್ಲಾಡಸ್ಲಿಕತ್ತಿ."

ಅವಳು ಬೆರಳು ಇಳಿಸಿದಳು. ವಾಪಸು ನನ್ನ ಎದುರಿಗೆ ಬಂದು, ಒಂದು ಕೈಯ ತುದಿಯಿಂದ ಇನ್ನೊಂದು ಕೈಯ ತುದಿಯವರೆಗೆ ತಲೆ ತಿರುಗಿಸಿ ತಿರುಗಿಸಿ ನೋಡಿದಳು.

"ಇಷ್ಟೆಲ್ಲಾ ಒಮ್ಮೆಲೇ ಕಾಣಸ್ತದೇನ್ರಿ ನಿಮಗ? ಎಲ್ಲಾರಿಗೂ?"

"ಎಲ್ಲಾರಿಗೂ."

"ಎಲ್ಲಾರೂ ನನ್ನ ಹಂಗ ನೋಡ್ತಾರ ಅಂತ ತಿಳದಿದ್ನಲ್ಲ ನಾ. ನಾನೊಬ್ಬಾಕಿನ ಖಬರಗೇಡಿ, ಅದಕ್ಕ ಎಡವ್ತೀನಿ ಅಂತ" ಎಂದಳು. ದುಃಖದಿಂದ ಹೇಳಲಿಲ್ಲ. ಸಮುದ್ರವನ್ನು ಮೊದಲ ಸಲ ನೋಡಿದವರ ದನಿಯಲ್ಲಿ ಹೇಳಿದಳು.

 ನನ್ನ ಕೈ ಇನ್ನೂ ಚಾಚಿಯೇ ಇದ್ದದ್ದನ್ನು ಕಂಡು, "ಸಾಕು, ಕೈ ಇಳಸ್ರಿ. ಭುಜ ನೋಯ್ತಾವ" ಎಂದಳು.

ನಾನು ಇಳಿಸಲಿಲ್ಲ. ಎಡಗೈಯ ಆಚೆ ಬಚ್ಚಲ ಗೋಡೆ, ಬಲಗೈಯ ಆಚೆ ಕರಿಬೇವಿನ ಗಿಡ, ನಡುವೆ ಸೀತಾ. ಎಲ್ಲವೂ ಒಮ್ಮೆಲೇ ಕಾಣುತ್ತಿತ್ತು.